ಯಾರೂ ಎದ್ದು ನಿಲ್ಲದ ಊರು

ಕಳೆದ ವಾರ ಒಂದು ಊರಿನಲ್ಲಿ ನಮ್ಮನ್ನು ನೋಡಿ ಯಾರೂ ಎದ್ದು ನಿಲ್ಲಲಿಲ್ಲ.

ನಾನೇನು ಕಲೆಕ್ಟರಲ್ಲ. ಸೊಲ್ಲಾಪುರದ ಒಂದು ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸುವ ಬಾಯಿ (ಮಾಸ್ತರಿಣಿಗೆ ನಮ್ಮ ಕಡೆ ಹೀಗೇ ಅನ್ನುವುದು). ವಾರಕ್ಕೊಮ್ಮೆ ಈ ಅಂಕಣದಲ್ಲಿ ಬಂದು ನಿಮ್ಮ ತಲೆ ತಿನ್ನುವವಳು. ನನಗಾಗಿ ಯಾರೂ ಏಳಬೇಕಾಗಿಲ್ಲ. (ನನ್ನ ಕ್ಲಾಸಿನ ಮಕ್ಕಳೇ ಅರ್ಧ ಎದ್ದು ಅರ್ಧ ಕೂತು ನಮಸ್ತೆ ಅನ್ನುತ್ತಾರೆ.) ಆದರೆ ಅವತ್ತು ನನ್ನ ಜೊತೆ ಪುಣೆಯ ಡಾಕ್ಟರಿದ್ದರು. ಅವರ ತಲೆಯ ಮೇಲೆ ಹ್ಯಾಟು ಇತ್ತು, ಬೆನ್ನ ಹಿಂದೆ ಸರಕಾರಿ ಜೀಪು ಇತ್ತು. ನಮ್ಮ ಅಕ್ಕಲಕೋಟ ಕಡೆಯ ಹಳ್ಳಿಗಳಲ್ಲಿ ಜೀಪಿನ ಧೂಳು ಕಂಡರೇ ಸಾಕು, ಕೂತವರು ಏಳುತ್ತಾರೆ, ಎದ್ದವರು ಟೋಪಿ ಸರಿ ಮಾಡಿಕೊಳ್ಳುತ್ತಾರೆ. ಇವರು ಮಾತ್ರ ಏಳಲಿಲ್ಲ.

ಮೊದಲಿನಿಂದ ಹೇಳುತ್ತೇನೆ, ತಾಳಿ.

ಬೇಸಿಗೆ ರಜೆ. ಮಾಳಿಗೆಯ ಮೇಲೆ ಸಂಡಿಗೆ ಇಟ್ಟು, ಕಾಗೆ ಓಡಿಸುತ್ತ ಕೂತಿದ್ದೆ. ಡಾಕ್ಟರ್ ಗೋರೆ ಎಂಬವರು ಮನೆ ಹುಡುಕಿಕೊಂಡು ಬಂದರು. ಚಿಕ್ಕ ವಯಸ್ಸು, ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ. ನಾರುಹುಣ್ಣಿನ ಸರ್ವೆಗೆಂದು ಬಂದವರು. ಕರಜಗಿ, ವಾಗದರಿ ಕಡೆಯ ಹಳ್ಳಿಗಳಲ್ಲಿ ಯಾವ ಓಣಿಯಲ್ಲಿ ಎಷ್ಟು ಜನಕ್ಕೆ ಈ ರೋಗ ಇದೆ ಎಂದು ಮನೆಮನೆ ತಿರುಗಿ ಕೇಳಬೇಕು. ಅವರಿಗೆ ಕನ್ನಡ ಬಾರದು. ಅಲ್ಲಿಯ ಅಜ್ಜಿಯರಿಗೆ ಪುಣೆಯ ಮರಾಠಿ ತಿಳಿಯದು. ನಡುವೆ ಒಬ್ಬರು ಬೇಕು. (ಹೋದ ವರ್ಷ ಗಡಿ ಗೆರೆ ಎಳೆದು ನಮ್ಮನ್ನು ಮುಂಬಯಿ ರಾಜ್ಯದಲ್ಲೇ ಬಿಟ್ಟರಲ್ಲ, ಆ ಅಜ್ಜಿಯರಿಗೆ ಇದನ್ನು ಇನ್ನೂ ಯಾರೂ ಹೇಳಿದಂತಿಲ್ಲ.)

"ಹೋಗಿ ಬಾ," ಅಂದರು ನಮ್ಮ ಮನೆಯವರು. "ಹೆಂಗೂ ಮನ್ಯಾಗ ಇಡೀ ದಿನಾ ಮಾತಾಡ್ತಿ. ಅಲ್ಲಿ ಮಾತಾಡಿದ್ರ ಸರಕಾರಕ್ಕರೆ ಉಪಯೋಗ ಆಗ್ತದ."

ಹೋದೆ.

ನಾರು ಎಂದರೇನು ಎಂದು ಪೇಟೆಯ ಓದುಗರು ಕೇಳಬಹುದು. ದಾರದಂಥ ಹುಳು. ಬಾವಿಯ ನೀರಿನ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹೊಟ್ಟೆಗೆ ಇಳಿಯುತ್ತದೆ. ವರ್ಷವಿಡೀ ಮೈಯೊಳಗೇ ಬೆಳೆದು, ಬೇಸಿಗೆಯಲ್ಲಿ ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ತಲೆ ಹೊರಗೆ ಹಾಕುತ್ತದೆ. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಕುಂಬಳದಂತೆ ಊದುತ್ತದೆ. ಅದಕ್ಕೇ ಒಂದು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಹೊರಗೆ ತೆಗೆಯಬೇಕು. ತಿಂಗಳುಗಟ್ಟಲೆ ಬೆಂಕಿಯಲ್ಲಿ ಕಾಲಿಟ್ಟಂಥ ಉರಿ. ಆ ಕಾಲನ್ನು ಯಾರಾದರೂ ಮೆಟ್ಟಿಲ ಬಾವಿಯ ನೀರಿನಲ್ಲಿ ಇಳಿಸಿದರೆ ಹುಳು ಅಲ್ಲೇ ಮರಿ ಹಾಕುತ್ತದೆ. ಊರು ಅದನ್ನೇ ಕುಡಿಯುತ್ತದೆ.

ನಾವು ಹೋದ ಊರಿನಲ್ಲಿ (ಹೆಸರು ಬೇಡ, ಬಸ್ಸು ಹತ್ತುವಾಗ ಆ ಊರವರಿಗೆ ನಾನು ಮುಖ ತೋರಿಸಬೇಕು) ಎರಡು ಬಾವಿ, ಎರಡಕ್ಕೂ ಮೆಟ್ಟಿಲು. ಒಂದು ಊರವರದು. ಇನ್ನೊಂದು ಕೇರಿಯವರದು. ಮೊನ್ನೆ ಮೊನ್ನೆ ಬೌದ್ಧ ದೀಕ್ಷೆ ತೆಗೆದುಕೊಂಡ ಮನೆಗಳು ಅವು. ಊರ ಬಾವಿಗೆ ಅವರು ಇಳಿಯಬಹುದು ಎಂದು ಕಾಯಿದೆ ಹೇಳುತ್ತದೆ. ಕಾಯಿದೆ ಇನ್ನೂ ಆ ಊರಿಗೆ ಬಂದಿಲ್ಲ.

ಈ ವರ್ಷ ಒಂದೇ ಬಾವಿಗೆ ಮಂಜೂರಿ. ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಗಾಲಿ ಹಾಕಿ ಹಗ್ಗದಿಂದ ಸೇದುವಂತೆ ಮಾಡುವುದು. ಯಾರ ಕಾಲೂ ನೀರು ಮುಟ್ಟದಿದ್ದರೆ ನಾರೂ ನಿಂತಂತೆ. ಯಾವ ಬಾವಿ? ಯಾವ ಕಡೆ ರೋಗಿಗಳು ಹೆಚ್ಚೋ ಆ ಬಾವಿ. ಲೆಕ್ಕ ನೇರವಾಗಿಯೇ ಇತ್ತು.

ಮೊದಲು ಗೌಡರ ಮನೆಗೆ ಹೋದೆವು. ಪಾಪ, ಗೌಡರು ಹೊರಸಿನ ಮೇಲೆ ಮಲಗಿದ್ದರು. ಕಾಲ ಕೆಳಗೆ ಎರಡು ತಲೆದಿಂಬು. ಮಲಗಿಕೊಂಡೇ ಚಹಾ ತರಿಸಿದರು, ಹುಣ್ಣು ತೋರಿಸಿದರು, ಯಾವ ದಿನ ಎಷ್ಟು ಹುಳು ಹೊರಗೆ ಬಂತು ಎಂದು ಮಗನ ಮಾರ್ಕು ಹೇಳುವಷ್ಟು ಉತ್ಸಾಹದಿಂದ ಹೇಳಿದರು. ಒಳಗೆ ಅವರ ತಂಗಿ ಮಲಗಿದ್ದರು. ಆಚೆ ಮನೆಯಲ್ಲಿ ಕುಲಕರ್ಣಿಯವರ ಸೊಸೆ. ಅದರಾಚೆ ಅಂಗಡಿಯವನ ಅಪ್ಪ. ಮನೆಗೊಬ್ಬರು ಕಾಲು ಮೇಲಿಟ್ಟು ಮಲಗಿದ್ದರು.

"ನಮ್ಮ ಓಣ್ಯಾಗ ಭಾಳ ಅದರಿ ಸಾಹೇಬ್ರ," ಅಂದರು ಗೌಡರು. "ಆ ಕಡಿ ಮಂದಿಗೆ ಆಗಂಗಿಲ್ಲ. ದುಡಿಯೋ ಮೈ, ಗಟ್ಟಿ ಅದ."

ಆ ಕಡೆ ಹೋದೆವು. ಕೇರಿಯ ಬಹಳ ಮನೆಗಳಿಗೆ ಚಿಲಕ ಹಾಕಿತ್ತು. ಒಂದು ಕಟ್ಟೆಯ ಮೇಲೆ ತಾನಾಬಾಯಿ ಎಂಬ ಮುದುಕಿ ಕೌದಿ ಹೊಲಿಯುತ್ತ ಕೂತಿದ್ದಳು. ಸೂಜಿಗೆ ದಾರ ಪೋಣಿಸಿಕೊಡು ಅಂದಳು. ಪೋಣಿಸಿಕೊಟ್ಟು ಕೇಳಿದೆ.

"ಆಯಿ, ಮನ್ಯಾಗ ಯಾರರೆ ನಾರಾಗಿ ಮಲಗ್ಯಾರೇನು?"

"ಇಲ್ಲವ್ವಾ. ಯಾರೂ ಮಲಗಿಲ್ಲ. ಮಗಾ, ಸೊಸಿ, ಮೊಮ್ಮಗಳು ಎಲ್ಲಾರೂ ಕೂಲಿಗೆ ಹೋಗ್ಯಾರ."

ನಾನು ಮರಾಠಿಯಲ್ಲಿ ಹೇಳಿದೆ: ಯಾರಿಗೂ ಇಲ್ಲ, ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ. ಡಾಕ್ಟರು ಬರೆದುಕೊಂಡರು. ಪಕ್ಕದ ಮನೆಯ ಬಗ್ಗೆ ಕೇಳಿದೆ, ಅಲ್ಲಿಯೂ ಅದೇ. ಇಡೀ ಕೇರಿಯಲ್ಲಿ ಮಲಗಿದವರು ಒಬ್ಬರೂ ಸಿಗಲಿಲ್ಲ.

ಡಾಕ್ಟರಿಗೆ ಖುಷಿಯೋ ಖುಷಿ. ಜೀಪಿನಲ್ಲಿ ಕೂತು ಒಂದು ಥಿಯರಿಯನ್ನೇ ಕಟ್ಟಿದರು. ಬರಿಗಾಲಲ್ಲಿ ನಡೆದು ನಡೆದು ಇವರ ಮೈಗೆ ಏನೋ ಒಂದು ಶಕ್ತಿ ಬಂದಿರಬೇಕು, ಇದರ ಮೇಲೆ ಪೇಪರು ಬರೆಯಬಹುದು ಎಂದರು. ನಾನೂ ತಲೆಯಾಡಿಸಿದೆ. ಪುಣೆಯಲ್ಲಿ ಕಲಿತವರು ಹೇಳುವಾಗ ಮಗ್ಗಿ ಬಾಯಿ ತಲೆಯಾಡಿಸದೆ ಇನ್ನೇನು ಮಾಡಬೇಕು? ಮಂಜೂರಿ ಊರ ಬಾವಿಗೆ ಎಂದು ಇಬ್ಬರಿಗೂ ಅನ್ನಿಸಿತು.

ಹೊಟ್ಟೆ ಹಸಿದಿತ್ತು. ಊರ ಹೊರಗೆ ಗೌಡರ ಹೊಲ, ಅಲ್ಲೊಂದು ತಗಡಿನ ಚಪ್ಪರ, ಪಕ್ಕದಲ್ಲಿ ಬೇವಿನ ನೆರಳು. ಕಟ್ಟಿಕೊಂಡು ಹೋದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನೋಣ ಎಂದು ಜೀಪು ನಿಲ್ಲಿಸಿದೆವು.

ಚಪ್ಪರದಲ್ಲಿ ಬೀಜದ ಶೇಂಗಾ ಸುಲಿಯುವ ಕೆಲಸ ನಡೆದಿತ್ತು. ಮಳೆ ಬರುವ ಮುಂಚೆ ಮುಗಿಯಬೇಕು, ಕೈಯಿಂದಲೇ ಸುಲಿಯಬೇಕು. ಕಾಳು ಸೀಳಿದರೆ ಮೊಳೆಯುವುದಿಲ್ಲ. ಹೆಂಗಸರು, ಗಂಡಸರು, ಕೆಲವು ಮಕ್ಕಳು ಸಾಲಾಗಿ ಕೂತಿದ್ದರು. ಏನೋ ಹರಟೆ, ನಗು. ನಾವು ಒಳಗೆ ಹೋದೆವು. ನಗು ನಿಂತಿತು. ಕೈಗಳೂ ನಿಂತವು.

ಒಬ್ಬರೂ ಏಳಲಿಲ್ಲ.

"ಉಠತ ಸುದ್ಧಾ ನಾಹೀತ," ಅಂದರು ಡಾಕ್ಟರು. ಏಳುವುದೂ ಇಲ್ಲವಲ್ಲ ಇವರು, ಎಂದು. ನನಗೂ ಸಿಟ್ಟೇ ಬಂತು. ಸಾಲೆಯ ಬಾಯಿಯಾದ ಮೇಲೆ ಹುಟ್ಟಿದ ಸಿಟ್ಟು ಅದು, ಮಕ್ಕಳು ಏಳದಿದ್ದರೆ ತಾನಾಗಿ ಬರುತ್ತದೆ. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ.

ಆಗ ಅವರ ಕಾಲು ನೋಡಿದೆ.

ನಮ್ಮ ಹೆಂಗಸರು ಪರಗಂಡಸರ ಮುಂದೆ ಕಾಲು ಚಾಚಿ ಕೂಡುವುದಿಲ್ಲ. ಮಡಚಿ, ಸೀರೆಯಲ್ಲಿ ಮುಚ್ಚಿ ಕೂಡುತ್ತಾರೆ. ಇಲ್ಲಿ ಎಲ್ಲರ ಕಾಲೂ ಮುಂದಕ್ಕೆ ಚಾಚಿದ್ದವು. ಮುದುಕಿಯರದು, ಹರೆಯದವರದು, ಮಕ್ಕಳದು. ಹಿಮ್ಮಡಿಗೆ, ಮೀನಖಂಡಕ್ಕೆ ಚಿಂದಿ ಸುತ್ತಿತ್ತು. ಚಿಂದಿಯೊಳಗಿಂದ ಸಣ್ಣ ಸಣ್ಣ ಕಡ್ಡಿಗಳು ಇಣುಕುತ್ತಿದ್ದವು.

ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅಲ್ಲೇ ಶೇಂಗಾದ ಸಿಪ್ಪೆಯ ಮೇಲೆ ಕೂತುಬಿಟ್ಟೆ.

ನನ್ನ ಎದುರಿಗಿದ್ದವಳು ಶೇವಂತಾ. ತಾನಾಬಾಯಿಯ ಸೊಸೆ ಅವಳೇ. ಪಕ್ಕದಲ್ಲಿ ಮಗಳು ಕಮಲಿ, ನನ್ನ ಮೂರನೇ ಇಯತ್ತೆಯ ಮಕ್ಕಳಷ್ಟು ದೊಡ್ಡವಳು. ತಾಯಿಗೆ ಎರಡೂ ಕಾಲಿಗೆ, ಮಗಳಿಗೆ ಒಂದು ಕಾಲಿಗೆ.

"ನಡಿಯಾಕ ಬರಂಗಿಲ್ಲ, ಇಲ್ಲಿ ತನಾ ಹೆಂಗ ಬಂದ್ರಿ?" ಕೇಳಿದೆ.

"ಗಂಡಸ್ರು ಹೊತ್ಕೊಂಡು ಬಂದು ಇಳಿಸಿ ಹೋಗ್ತಾರ್ರಿ. ಸಂಜಿಗೆ ಮತ್ತ ಬಂದು ಒಯ್ತಾರ." ಗಂಡನ ಬೆನ್ನೇರಿ ಬರುವುದನ್ನು ನೆನೆದು ಪಕ್ಕದವಳು ಕಿಸಕ್ಕನೆ ನಕ್ಕಳು. ಶೇವಂತಾಳೂ ನಕ್ಕಳು. "ಮದಿವ್ಯಾಗ ಸೈತ ಎತ್ತಿಲ್ರಿ ನಮ್ಮಾಂವ."

"ಮನ್ಯಾಗ ಮಲ್ಕೋಬಾರದಾ?"

ಅವಳು ನನ್ನ ಮುಖವನ್ನೇ ನೋಡಿದಳು. "ಮಲ್ಕೊಂಡ್ರ ಹೆಂಗ್ರಿ ಬಾಯಾರ? ಬ್ಯಾಸಗ್ಯಾಗ ಕೂತು ಮಾಡೋ ಕೆಲಸ ಇದೊಂದೇ. ಕಾಲು ನೆಟ್ಟಗಿದ್ದವ್ರು ಕಲ್ಲು ಒಡಿಯಾಕ ಹೋಗ್ಯಾರ. ನಾರಾದವ್ರು ಇಲ್ಲಿ ಬರ್ತೀವಿ."

ಇಷ್ಟೇ ನೋಡ್ರಿ. ಇಡೀ ಕೇರಿಯ ರೋಗವೆಲ್ಲ ಆ ಚಪ್ಪರದಲ್ಲಿ ಕೂತು ಶೇಂಗಾ ಸುಲಿಯುತ್ತಿತ್ತು. ನಾವು ಹಗಲು ಹೊತ್ತಿನಲ್ಲಿ ಕೇರಿಗೆ ಹೋಗಿ, ಚಿಲಕ ನೋಡಿ, ಆರೋಗ್ಯ ಎಂದು ಬರೆದುಕೊಂಡು ಬಂದಿದ್ದೆವು.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು. ಹ್ಯಾಟು ತೆಗೆದು ನೆಲಕ್ಕಿಟ್ಟರು. "ಇವರೆಲ್ಲರ ಹೆಸರು ಕೇಳಿ, ಬರೆದುಕೊಳ್ಳೋಣ" ಎಂದರು.

ನಾನು ಕೇಳಿದ್ದೇ ತಡ, ಎಲ್ಲರೂ ಕಾಲಿನ ಮೇಲೆ ಸೆರಗು, ಗೋಣಿತಾಟು ಎಳೆದುಕೊಂಡರು.

"ಹೆಸರು ಬ್ಯಾಡ್ರಿ," ಅಂದಳು ಶೇವಂತಾ. "ರೋಗದವ್ರು ಅಂತ ಬರದ್ರ ಗೌಡ್ರು ಮನಿಗೆ ಹೋಗಿ ಆರಾಮ ಮಾಡ್ರಿ ಅಂತಾರ. ಒಳ್ಳೇದಕ್ಕೇ ಅಂತಾರ, ಕೆಟ್ಟವ್ರಲ್ಲ. ಆದ್ರ ಆರಾಮ ತಿಂದು ಹೊಟ್ಟಿ ತುಂಬಂಗಿಲ್ರಿ."

ಬಾವಿಯ ಮಾತು ಹೇಳಿದೆ. ಲೆಕ್ಕಕ್ಕೆ ಸಿಗದಿದ್ದರೆ ಬಾವಿ ಊರ ಕಡೆಗೆ ಹೋಗುತ್ತದೆ, ಈಗ ಕುಡಿಯುವ ನೀರಿನಲ್ಲಿ ಮುಂದಿನ ಬೇಸಿಗೆಯ ನಾರು ಇದೆ ಎಂದೆ. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದೂ ಹೇಳಿದೆ.

"ಮನ್ಯಾಗ ಸೋಸ್ತೀವ್ರಿ. ಹೊಲದಾಗ ನೀರಡಿಸಿದಾಗ?" ಅಂದಳು.

ಶೇವಂತಾಳ ಬೆರಳು ಮತ್ತೆ ಶೇಂಗಾ ಸುಲಿಯತೊಡಗಿದವು. ಕಮಲಿ ಸಾಲೆಗೆ ಹೋಗುತ್ತಿದ್ದಳಂತೆ. ಹೋದ ವರ್ಷವೂ ಪರೀಕ್ಷೆಯ ಹೊತ್ತಿಗೇ ನಾರು, ಈ ವರ್ಷವೂ. ಒಂದೇ ಇಯತ್ತೆಯಲ್ಲಿ ಕೂತಿದ್ದಾಳೆ. ಕೊನೆಗೆ ತಾಯಿ ಮಗಳ ಕಾಲ ಮೇಲಿನ ಗೋಣಿತಾಟು ಸರಿಸಿದಳು.

"ಇಕೀದು ಬರಕೋರಿ," ಅಂದಳು. "ಇಕಿ ಬೇಕಾದ್ರ ಮನ್ಯಾಗ ಇರ್ಲಿ. ನನಗ ಏನೂ ಆಗಿಲ್ಲ."

ಎರಡು ಕಾಲಿಗೂ ಕಡ್ಡಿ ಕಟ್ಟಿಕೊಂಡವಳು ಹೇಳುತ್ತಾಳೆ, ತನಗೆ ಏನೂ ಆಗಿಲ್ಲ. ಇದನ್ನು ಮರಾಠಿಗೆ ತಿರುಗಿಸಿ ಡಾಕ್ಟರಿಗೆ ಹೇಳಿದೆ. ಅಳುವುದು ನನ್ನ ಸ್ವಭಾವವಲ್ಲ. ಅವತ್ತು ಅತ್ತುಬಿಟ್ಟೆ.

ಡಾಕ್ಟರು ಪೆನ್ನು ಜೇಬಿಗಿಟ್ಟರು. ಆಮೇಲೆ, "ಬಾಯಿ, ಅವರಿಗೆ ಹೇಳಿ. ಹೆಸರು ಬೇಡವೇ ಬೇಡ. ಮುಖವನ್ನೂ ನೋಡುವುದಿಲ್ಲ. ಯಾವ ಬಾವಿ ಎಂದು ಕೇಳಿ, ಬರೇ ಕಾಲು ಎಣಿಸುತ್ತೇನೆ" ಎಂದರು.

ಹೇಳಿದೆ. ಮೊದಲು ಶೇವಂತಾ ಸೆರಗು ತೆಗೆದಳು. ಆಮೇಲೆ ಪಕ್ಕದವಳು. ಒಂದೊಂದಾಗಿ ಗೋಣಿತಾಟುಗಳು ಸರಿದವು. ಡಾಕ್ಟರು ತಲೆ ಬಗ್ಗಿಸಿ, ಸಿಪ್ಪೆಯ ಮೇಲೆ ಮೊಣಕಾಲೂರಿಕೊಂಡು, ಆ ಸಾಲಿನ ಈ ತುದಿಯಿಂದ ಆ ತುದಿಗೆ ಹೋದರು. ಕಮಲಿಯ ಮುಂದೆ ಬಂದಾಗ ಅವಳು ಸಾಲೆಯ ಅಭ್ಯಾಸದಿಂದ ನೆಲಕ್ಕೆ ಕೈಯೂರಿ ಏಳಲು ಹೋದಳು. ಡಾಕ್ಟರು ಗಾಬರಿಯಿಂದ ನನ್ನ ಕಡೆ ತಿರುಗಿ, ಏಳಬೇಡ ಎನ್ನಲು ಕನ್ನಡದಲ್ಲಿ ಏನನ್ನುತ್ತಾರೆ ಎಂದು ಕೇಳಿದರು. ಹೇಳಿಕೊಟ್ಟೆ.

"ಏಳಬ್ಯಾಡವ್ವಾ," ಅಂದರು. ಅದು ಅವರ ಮೊದಲ ಕನ್ನಡ.

ರೊಟ್ಟಿಯನ್ನು ಎಲ್ಲರೂ ಹಂಚಿಕೊಂಡು ತಿಂದೆವು. ಉಳಿದ ಹಳ್ಳಿಗಳಿಗೆ ಈಗ ಡಾಕ್ಟರು ಹೊತ್ತು ಹುಟ್ಟುವ ಮುಂಚೆಯೇ ಹೋಗುತ್ತಾರೆ, ಗಂಡಸರು ನಾರಾದವರನ್ನು ಬೆನ್ನಿಗೇರಿಸಿಕೊಂಡು ಹೊರಡುವ ಹೊತ್ತಿಗೆ. ಥಿಯರಿಯ ಸುದ್ದಿ ತೆಗೆಯುವುದಿಲ್ಲ. ಕೇರಿಯ ಬಾವಿಯೇ ಮೊದಲು ಎಂದು ಬರೆದು ಕಳಿಸಿದ್ದಾರೆ. ಮಂಜೂರಿ ಬರುತ್ತದೋ, ಮೇಜಿನ ಮೇಲೆ ಮಲಗುತ್ತದೋ ನನಗೆ ಗೊತ್ತಿಲ್ಲ. ಕಮಲಿಗೆ ಮಾತ್ರ ದಿನಾ ನೀರಡಿಸುತ್ತದೆ.

ನಿನ್ನೆ ಒಬ್ಬ ಗೆಳತಿ ಬಂದಿದ್ದಳು. ಮಾತಿಗೆ ಮಾತು ಬಂದು, ತನ್ನ ಮನೆಯಲ್ಲಿ ಭಾಂಡೆ ತಿಕ್ಕುವವಳನ್ನು ಹೊಗಳಿದಳು: "ಎಂಥ ಗಟ್ಟಿ ಜೀವ ಅಂತಿ, ಇಷ್ಟು ವರ್ಷದಾಗ ಒಂದು ದಿನಾ ಬ್ಯಾನಿ ಅಂತ ಮಲಗಿಲ್ಲ." ನಾವೆಲ್ಲ ಹೇಳುವ ಮಾತೇ ಅದು.

ಮಲಗಿದ್ದರೆ ಮರುದಿನ ಅವಳನ್ನು ಬಾ ಎನ್ನುತ್ತಿದ್ದೆವೇ?