ಅಮಾವಾಸ್ಯೆಯಂದು ಎಣಿಸಿದ ದಾರಿ

ಏಳನೇ ದಾರಿಯ ಎಣಿಕೆ ಸುಳ್ಳು. ಅದನ್ನು ಬರೆದವಳು ನಾನು. ಸುಳ್ಳೆಂದು ಗೊತ್ತಾದ ಮೇಲೂ ಹಾಗೇ ಬಿಟ್ಟವಳು ನಾನು. ಆಮೇಲೆ ಯಾರಿಗೂ ತಿಳಿಯದಂತೆ ಹಾಳೆ ಕತ್ತರಿಸಿ ದಿನವನ್ನೇ ಬದಲಿಸಿದವಳೂ ನಾನೇ. ತಿಪ್ಪೇಸ್ವಾಮಣ್ಣನ ಮೊಣಕೈ ಮುರಿದದ್ದು ಅವರ ತಪ್ಪಿನಿಂದಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ, ಅಲ್ಲಿಗೆ ಹೋಗುವಷ್ಟರಲ್ಲಿ ನನ್ನ ಪರವಾಗಿ ನಾಲ್ಕು ಮಾತು ಸೇರಿಸಿಬಿಡುತ್ತೇನೆ — ನನ್ನನ್ನು ನಾನು ಬಲ್ಲೆ.

ನಮ್ಮ ಸೈಕಲ್ ಗುಂಪಿನ ನೀವೆಲ್ಲ ಫೋನಿನಲ್ಲಿ ಇಟ್ಟುಕೊಂಡಿರುವ ‘ಸದ್ದಿಲ್ಲದ ದಾರಿಗಳು’ ಪಟ್ಟಿ ನನ್ನ ಡೈರಿಯಿಂದ ಬಂದದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ — ಈ ನಾಲ್ಕರ ನಡುವಿನ ಗುಡ್ಡಸಾಲುಗಳಲ್ಲಿ ಒಂಬತ್ತು ದಾರಿ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಗಾಳಿಯಂತ್ರದ ರೆಕ್ಕೆ ಸುಯ್ಗುಡುವುದು ಕೇಳುವಂಥ ಏರುಗಳು, ಬಾಗೂರಿನ ಕಡೆ ತೆಂಗಿನ ನೆರಳಲ್ಲಿ ಸಾಗುವ ಸಪಾಟು ರಸ್ತೆ. ಪ್ರತಿ ದಾರಿಯಲ್ಲೂ ಒಂದು ಜಾಗ ಹಿಡಿದು ಮೂರು ಗಂಟೆ ಕೂತು, ಹೋದ ಬಂದ ಗಾಡಿಗೆಲ್ಲ ಒಂದೊಂದು ಗೀಟು ಹಾಕುತ್ತಿದ್ದೆ. ಬೈಕಿಗೆ ಕಪ್ಪು ಶಾಯಿ, ಲಾರಿಗೆ ಕೆಂಪು. ಕುರಿಮಂದೆಗೆ ಗೀಟಿಲ್ಲ, ಅಂಚಿನಲ್ಲಿ ಒಂದು ಟಿಪ್ಪಣಿ ಮಾತ್ರ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬಾಟಲಿಗಳಿಗೆ ನಂಬರು ಅಂಟಿಸುವುದು ನನ್ನ ಕೆಲಸ. ನಂಬರು ಹಾಕದ ವಸ್ತು ಇದೆ ಎಂದೇ ನಾನು ಒಪ್ಪುತ್ತಿರಲಿಲ್ಲ.

ಅದೇ ಡೈರಿಯ ಹಿಂಬದಿಯಲ್ಲಿ ಇನ್ನೊಂದು ಎಣಿಕೆ ಇದೆ. ನಿಮ್ಮದು. ಯಾರು ಎಷ್ಟು ಸಲ ಫೋಟೋಗೆ ನಿಂತಿರಿ, ಏರಿನಲ್ಲಿ ಉಬ್ಬಸ ಬಂದಾಗ ಯಾರು ಸರಪಳಿ ಕಳಚಿತೆಂದು ನಾಟಕ ಆಡಿದಿರಿ, ಇಪ್ಪತ್ತು ಕಿಲೋಮೀಟರ್ ತುಳಿದು ಹೋಟೆಲಿನಲ್ಲಿ ಯಾರು ಎಷ್ಟು ಇಡ್ಲಿ ತಿಂದಿರಿ — ಎಲ್ಲಕ್ಕೂ ಗೀಟಿದೆ. ನಿಮ್ಮನ್ನು ಅಷ್ಟು ತಾತ್ಸಾರದಿಂದ ನೋಡುತ್ತಿದ್ದೆ. ಈಗಲೂ ಕೆಲವರನ್ನು ನೋಡುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಪುಟದಲ್ಲಿ ನನ್ನ ಹೆಸರೇ ಇಲ್ಲ. ಎಣಿಸುವವಳನ್ನು ಎಣಿಸಲು ಅಲ್ಲಿ ಯಾರೂ ಇರಲಿಲ್ಲ.

ಅತಿ ಹೆಚ್ಚು ಗೀಟು ಬಿದ್ದದ್ದು ತಿಪ್ಪೇಸ್ವಾಮಣ್ಣನ ಹೆಸರಿನ ಮುಂದೆ. ಚಿತ್ರದುರ್ಗದ ಪೇಟೆಯ ಹಿಂದಿನ ಬೀದಿಯ ಟೈಲರು, ಐವತ್ತು ದಾಟಿದವರು. ಗೇರಿಲ್ಲದ ಕರಿ ಸೈಕಲ್ಲು, ಪ್ಯಾಂಟಿನ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಏರು ಬಂದರೆ ನಾಚಿಕೆಯಿಲ್ಲದೆ ಇಳಿದು ತಳ್ಳುತ್ತಿದ್ದರು. ತಳ್ಳುತ್ತಲೇ ಹಾಡುತ್ತಿದ್ದರು ಬೇರೆ. ಅವರನ್ನು ಗುಂಪಿಗೆ ಸೇರಿಸಿಕೊಂಡದ್ದು ನನಗೆ ಸರಿಬಂದಿರಲಿಲ್ಲ.

ಏಳನೇ ದಾರಿ ಹೊಳಲ್ಕೆರೆ ಕಡೆಯಿಂದ ಗುಡ್ಡ ಹತ್ತಿ ಹೊಸದುರ್ಗದ ಕಡೆ ಇಳಿಯುವುದು. ಭಾನುವಾರ ಕೂತು ಎಣಿಸುವುದು ಸೋಮಾರಿಗಳ ಕೆಲಸ, ಅವತ್ತು ಎಲ್ಲ ದಾರಿಯೂ ಖಾಲಿಯೇ ಎಂದು ನಾನು ಲ್ಯಾಬಿಗೆ ರಜೆ ಹಾಕಿ ಸೋಮವಾರವೇ ಹೋಗಿದ್ದೆ. ಮೂರು ಗಂಟೆಯಲ್ಲಿ ನಾಲ್ಕು ಗಾಡಿ. ಕೆಂಪು ಗೀಟು ಒಂದೂ ಇಲ್ಲ. ಇದಕ್ಕಿಂತ ಶಾಂತವಾದ ರಸ್ತೆ ಜಿಲ್ಲೆಯಲ್ಲೇ ಇಲ್ಲ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮುಂದಿನ ಭಾನುವಾರ ನಾವು ಸೇರುವ ಚಹಾದಂಗಡಿಯಲ್ಲಿ ಅದನ್ನು ಓದಿದೆ. ಮುಂದಿನ ಗುರುವಾರ ಸರ್ಕಾರಿ ರಜೆ, ಅವತ್ತೇ ಹೋಗೋಣ ಎಂದೆ. ಎಲ್ಲರೂ ತಲೆಯಾಡಿಸಿದರು. ತಿಪ್ಪೇಸ್ವಾಮಣ್ಣ ಮಾತ್ರ ಲೋಟ ಕೆಳಗಿಟ್ಟರು.

“ಶೈಲವ್ವ, ನೀ ಹೋಗಿದ್ದು ಯಾವತ್ತು?”

“ಸೋಮವಾರ.”

“ಅವತ್ತು ಅಮಾಸೆ ಅಲ್ಲೇನವ್ವ? ಆ ಗುಡ್ಡದ ಹಿಂದೆ ಜಲ್ಲಿ ಕ್ರಷರ್ ಐತೆ. ಅಮಾಸೆ ದಿನ ಮಿಷನ್ ನಿಲ್ಸಿ ಪೂಜೆ ಮಾಡ್ತಾರೆ. ಲಾರಿಗಳೆಲ್ಲ ಗಾಲಿ ಕೆಳಗೆ ನಿಂಬೆಹಣ್ಣು ಇಟ್ಕಂಡು ನಿಂತಿರ್ತಾವೆ. ರೈತ್ರೂ ಎತ್ತು ಕಟ್ಟಲ್ಲ. ಇನ್ನೊಂದ್ಸಲ ನೋಡ್ಕಂಡು ಬಾರವ್ವ.”

ಅವರು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ತಿಳಿಯಿತು. ತಿಳಿದದ್ದಕ್ಕೇ ಸಿಟ್ಟು ಬಂತು. ಬ್ಲೌಸ್ ಹೊಲಿಯುವವರು, ತಳ್ಳಿಕೊಂಡು ಹೋಗುವವರು — ನನ್ನ ಎಣಿಕೆಗೆ...

“ತಿಪ್ಪೇಸ್ವಾಮಣ್ಣ, ಪಂಚಾಂಗ ನೋಡ್ಕಂಡು ಸೈಕಲ್ ತುಳಿಯಕ್ಕೆ ನಾವೇನು ಹೆಣ್ಣು ನೋಡಕ್ಕೆ ಹೊಂಟೀವಾ? ನಿಮಗೆ ಏರು ಹತ್ತಕ್ಕಾಗಲ್ಲ ಅಂದ್ರೆ ಹಾಗಂತ ಹೇಳ್ರಿ, ಅಮಾಸೆ ಮೇಲೆ ಯಾಕೆ ಹಾಕ್ತೀರಿ?”

ಎಲ್ಲರೂ ನಕ್ಕರು. ನೀವು ನಕ್ಕಿರಿ. ಅಂಗಡಿಯವನೂ ಸೋಸುವ ಬಟ್ಟೆ ಹಿಡಿದುಕೊಂಡೇ ನಕ್ಕ. ತಿಪ್ಪೇಸ್ವಾಮಣ್ಣ ಕೂಡ ನಕ್ಕು, “ಆಗ್ಲಿ ಬಿಡವ್ವ, ಎಣಿಸಿರೋಳು ನೀನು” ಎಂದರು.

ಸಂಜೆ ಮನೆಯಲ್ಲಿ ಡೈರಿ ತೆರೆದೆ. ಸೋಮವಾರದ ಹಾಳೆಯ ಮೂಲೆಯಲ್ಲಿ ಅಚ್ಚಾಗಿದ್ದ ಕರಿ ಚುಕ್ಕೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ — ಅಮಾವಾಸ್ಯೆ. ನಾನು ಮೂರು ಗಂಟೆ ಅದರ ಕೆಳಗೇ ಗೀಟು ಹಾಕುತ್ತ ಕೂತಿದ್ದೆ. ಗುರುವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಮತ್ತೊಮ್ಮೆ ಹೋಗಬಹುದಿತ್ತು, ಒಂದು ಫೋನ್ ಮಾಡಿ ಬೇರೆ ದಾರಿ ಎನ್ನಬಹುದಿತ್ತು. ಆದರೆ ಆಗ ಆ ನಗು ನನ್ನ ಕಡೆ ತಿರುಗುತ್ತಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಹುಡುಕಿದ್ದೇನೆ, ಇಲ್ಲ.

ಗುರುವಾರ ಬೆಳಿಗ್ಗೆ ತಿಪ್ಪೇಸ್ವಾಮಣ್ಣ ಎಲ್ಲರಿಗಿಂತ ಮೊದಲು ಬಂದಿದ್ದರು. ಕೈಯಲ್ಲೊಂದು ಖಾಕಿ ಚೀಲ, ಹ್ಯಾಂಡಲ್ಲಿಗೆ ಕಟ್ಟುವಂಥದ್ದು. ಒಳಗೆ ಪ್ಲಾಸ್ಟಿಕ್ ಅಸ್ತರು, ಪೆನ್ನಿಗೆ ಎರಡು ಗೂಡು — ಒಂದು ಕಪ್ಪಿಗೆ, ಒಂದು ಕೆಂಪಿಗೆ. ಡೈರಿಯ ಅಳತೆಯನ್ನು ಯಾವಾಗ ಕಣ್ಣಲ್ಲೇ ತೆಗೆದುಕೊಂಡಿದ್ದರೋ.

“ನಿನ್ನ ಪುಸ್ತಕ ಮಳೆಗೆ ನೆನೀಬಾರ್ದು ಅಂತ ಹೊಲ್ದೆ ಕಣವ್ವ.”

ಹೊಲಿಗೆ ಎಲ್ಲಾದರೂ ಸೊಟ್ಟಗಿದೆಯೇ ಎಂದು ನೋಡಿದೆ. ಇರಲಿಲ್ಲ. ಡೈರಿ ಅದರಲ್ಲಿಟ್ಟೆ, ಸರಿಯಾಗಿ ಕೂತಿತು. ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಗುಡ್ಡದ ಎರಡನೇ ತಿರುವಿನಲ್ಲಿ ಮೊದಲ ಲಾರಿ ಎದುರಾಯಿತು. ರಸ್ತೆ ಅಗಲವಿಲ್ಲ, ಡಾಂಬರಿನ ಅಂಚು ಮುಗಿದಲ್ಲಿ ಗೇಣುದ್ದ ಇಳಿಜಾರು, ಆಮೇಲೆ ಸಡಿಲ ಕಲ್ಲು. ಎರಡನೆಯದು ಬಂತು. ನಾನು ಮುಂದಿದ್ದೆ, ಹಿಂತಿರುಗಿ ನೋಡಲಿಲ್ಲ. ನೋಡಿದರೆ ತಿಪ್ಪೇಸ್ವಾಮಣ್ಣನ ಕಣ್ಣು ಸಿಗುತ್ತಿತ್ತು. ಮೂರನೆಯದರ ಸದ್ದು ನಮ್ಮ ಹಿಂದಿನಿಂದ ಬಂತು. ಅದನ್ನು ಮೊದಲು ಕೇಳಿದ್ದು ಅವರೇ. ಏರಿನಲ್ಲಿ ಇಳಿದು ತಳ್ಳುತ್ತಿದ್ದವರು ಅವರೊಬ್ಬರೇ ಅಲ್ಲವೇ, ಉಬ್ಬಸವಿಲ್ಲದೆ ಕಿವಿ ತೆರೆದಿತ್ತು.

“ಬದಿಗೆ ಬರ್ರಿ! ಏಯ್, ಎಲ್ರೂ ಬದಿಗೆ ಬರ್ರಿ!”

ನಾವೆಲ್ಲ ಬದಿಗೆ ಬಂದೆವು. ಕೈಬೀಸಿ ಕೂಗುತ್ತ ಕೊನೆಯವರಾಗಿ ಸರಿದ ಅವರ ಕಾಲ ಕೆಳಗಿನ ಅಂಚು ಕುಸಿಯಿತು. ಲಾರಿ ಅವರನ್ನು ಮುಟ್ಟಲೂ ಇಲ್ಲ, ನಿಲ್ಲಲೂ ಇಲ್ಲ. ಸೈಕಲ್ ಸಮೇತ ಕಲ್ಲಿನ ಮೇಲೆ ಬಿದ್ದರು, ಬಲ ಮೊಣಕೈ ಅಡಿಯಾಗಿ.

ಜೀಪು ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಇನ್ನೂ ಎಂಟು ಲಾರಿ ಹೋದವು. ಎಂಟು ಎಂದು ನನಗೆ ಹೇಗೆ ಗೊತ್ತು? ಅವರು ತುಟಿ ಕಚ್ಚಿಕೊಂಡು ಕೂತಿದ್ದಾಗ ನಾನು ಎಣಿಸುತ್ತಿದ್ದೆ. ಇಂಥವಳನ್ನು ಏನೆಂದು ಕರೆಯುತ್ತಾರೋ ನೀವೇ ಹೇಳಿ.

ಆಮೇಲೆ ನಿಮ್ಮಲ್ಲಿ ಒಬ್ಬರು ಕೇಳಿದಿರಿ, ಇಷ್ಟು ಲಾರಿ ಇರುವ ದಾರಿಗೆ ನಾಲ್ಕೇ ಗಾಡಿ ಹೇಗೆ ಬಂತು, ಡೈರಿ ತೋರಿಸು ಎಂದು. ನಾಳೆ ತರುತ್ತೇನೆ ಎಂದೆ. ಮನೆಗೆ ಹೋಗಿ ಬ್ಲೇಡಿನಿಂದ ಸೋಮವಾರದ ಹಾಳೆ ಕತ್ತರಿಸಿದೆ. ಅದೇ ಗೀಟುಗಳನ್ನು ಅದೇ ವಾರದ ಬುಧವಾರದ ಪುಟಕ್ಕೆ ಇಳಿಸಿದೆ, ಎರಡು ಗೆರೆ ಸಮೇತ. ಆ ಬುಧವಾರ ನಾನು ಲ್ಯಾಬಿನಲ್ಲಿದ್ದೆ. ನೀವು ಪುಟ ನೋಡಿ ತಲೆಯಾಡಿಸಿದಿರಿ. ಸೋಮವಾರ ಎಂದು ಹೇಳಿದ್ದು ಯಾರಿಗೂ ನೆನಪಿರಲಿಲ್ಲ, ನಕ್ಕದ್ದು ಮಾತ್ರ ನೆನಪಿತ್ತು. ಹಾಗಾದರೆ ಅವರು ಬಿದ್ದದ್ದು ಹೇಗೆ ಎಂದು ಯಾರೋ ಕೇಳಿದಾಗ ನಾನು ಆಡಿದ ಮಾತು ಇದು:

“ಅವತ್ತು ಏನೋ ಅಪರೂಪಕ್ಕೆ ಲಾರಿ ಬಂದಾವೆ. ತಿಪ್ಪೇಸ್ವಾಮಣ್ಣ ರಸ್ತೆ ಮಧ್ಯ ಇದ್ರು.”

ಅಷ್ಟು ಸಾಕಾಯಿತು. ಗುಂಪಿನಲ್ಲಿ ಅದು ಬೆಳೆಯಿತು — ಟೈಲರಣ್ಣ ಹಾಡ್ಕಂತ ಮೈಮರೆತಿದ್ದ, ಟೈಲರಣ್ಣನಿಗೆ ಕಿವಿ ಮಂದ. ತಮ್ಮ ಕಿವಿಯಿಂದಲೇ ಎಲ್ಲರನ್ನೂ ಕಾಯ್ದವರಿಗೆ ಕಿವಿ ಮಂದ! ನಾನು ಒಂದು ಸಲವೂ ತಡೆಯಲಿಲ್ಲ. ಅವರು ಮತ್ತೆ ಸೈಕಲ್ಲಿಗೆ ಬರಲಿಲ್ಲ. ಏಳನೇ ದಾರಿ ಪಟ್ಟಿಯಲ್ಲಿ ಉಳಿಯಿತು.

ಈಗ ಹೊಸದಾಗಿ ಸೇರಿದ ಕಾಲೇಜಿನ ಹುಡುಗಿಯರು ಮುಂದಿನ ತಿಂಗಳು ಅದೇ ದಾರಿ ಕೇಳಿದ್ದಾರೆ. ಕೆಲಸದ ದಿನ. “ಶೈಲಕ್ಕನ ಎಣಿಕೆ ಐತಲ್ಲ, ಹೆದ್ರಿಕೆ ಇಲ್ಲ” ಎಂದು ಒಬ್ಬಳು ಬರೆದಿದ್ದಳು. ಅದನ್ನು ಓದಿದ ಮೇಲೆ, ಒಂದೂವರೆ ವರ್ಷ ತಡವಾಗಿ, ಮತ್ತೆ ಹೋದೆ. ಬುಧವಾರ ಒಮ್ಮೆ, ಶುಕ್ರವಾರ ಒಮ್ಮೆ. ಎರಡೂ ದಿನ ಕೆಂಪು ಶಾಯಿಯೇ ಪುಟ ತುಂಬಿತು.

ಶುಕ್ರವಾರ ಅಲ್ಲಿಂದ ನೇರ ತಿಪ್ಪೇಸ್ವಾಮಣ್ಣನ ಅಂಗಡಿಗೆ. ಕತ್ತರಿ ಈಗ ಅವರ ಹೆಂಡತಿಯ ಕೈಯಲ್ಲಿದೆ. ತಿಪ್ಪೇಸ್ವಾಮಣ್ಣ ಗುಂಡಿ ಹಚ್ಚುತ್ತ ಕೂತಿದ್ದರು, ಬಲ ಮೊಣಕೈ ಪೂರ್ತಿ ಮಡಚುವುದಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಕರಿ ಚುಕ್ಕೆ, ಬ್ಲೇಡು, ಬುಧವಾರ. ಅವರು ದಾರ ಹಲ್ಲಿನಿಂದ ಕಡಿದರು.

“ಎಷ್ಟು ಬಂದ್ವು?”

“ಮೂರು ಗಂಟೇಲಿ ಮೂವತ್ತೆಂಟು ಲಾರಿ.”

“ಹ್ಞೂಂ.” ಇನ್ನೊಂದು ಗುಂಡಿ ಎತ್ತಿಕೊಂಡರು. “ನಂಗೆ ಅಮಾಸೆ ಅಂತ ಗೊತ್ತಿತ್ತಲ್ಲವ್ವ, ಆದ್ರೂ ಯಾಕೆ ಬಂದೆ ಹೇಳು? ಈ ಹುಡುಗಿ ಅಷ್ಟು ಗಟ್ಟಿಯಾಗಿ ಹೇಳ್ತಾಳೆ ಅಂದ್ರೆ ಇನ್ನೊಂದ್ಸಲ ಹೋಗಿ ನೋಡ್ಕಂಡು ಬಂದಿರ್ತಾಳೆ ಅನ್ಕಂಡೆ.”

ಅವರು ಆ ಗುಂಡಿಯನ್ನೂ ಹಚ್ಚಿ ಗಂಟು ಹಾಕಿದರು.

“ನಂಗೆ ಹೇಳಿದ್ದು ಆಯ್ತು. ನಗಿಸಿದ್ಯಲ್ಲ, ಅದೇ ಜಾಗದಲ್ಲಿ ಹೇಳು. ಮತ್ತೆ... ಆ ಚೀಲ ಇಲ್ಲಿ ಬಿಟ್ಟೋಗು. ಅದನ್ನ ನಾನು ಎಣಿಕೆ ಪುಸ್ತಕಕ್ಕೆ ಹೊಲ್ದಿದ್ದು.”

ಹೊರಗಿದ್ದ ಸೈಕಲ್ಲಿನ ಹ್ಯಾಂಡಲ್ಲಿನಿಂದ ಬಿಚ್ಚಿ ತಂದೆ. ಎರಡು ಪೆನ್ನು ತೆಗೆದೆ, ಡೈರಿ ತೆಗೆದೆ. ಚೀಲವನ್ನು ಗುಂಡಿಯ ಡಬ್ಬಿಯ ಪಕ್ಕದಲ್ಲಿಟ್ಟೆ. ಅವರು ತಲೆಯೆತ್ತಲಿಲ್ಲ. ಅವರ ಹೆಂಡತಿ ಮಾತ್ರ ನನ್ನನ್ನು ನೋಡಿದರು — ನಾನು ನಿಮ್ಮನ್ನೆಲ್ಲ ನೋಡುತ್ತಿದ್ದೆನಲ್ಲ, ಹಾಗೆ.

ಈ ಭಾನುವಾರ ಅದೇ ಚಹಾದಂಗಡಿಯಲ್ಲಿ ಇದನ್ನು ಓದುತ್ತೇನೆ. ಡೈರಿಯೂ ಮೇಜಿನ ಮೇಲಿರುತ್ತದೆ. ಕತ್ತರಿಸಿದ ಹಾಳೆಯ ಬುಡ ಹೊಲಿಗೆಯ ಹತ್ತಿರ ಇನ್ನೂ ಕಾಣುತ್ತದೆ, ಬೆರಳಿಟ್ಟು ನೋಡಿ. ಹಿಂಬದಿಯ ಪುಟವನ್ನೂ ನೋಡಿ. ಅಲ್ಲಿ ತಿಪ್ಪೇಸ್ವಾಮಣ್ಣನ ಗೀಟುಗಳ ಕೆಳಗೆ ನನ್ನ ಹೆಸರು ಬರೆದಿದ್ದೇನೆ. ಎಣಿಸುವ ಕೆಲಸ ಇನ್ನು ನಿಮ್ಮದು.