ಗುಡ್ಡದ ಇಗರ್ಜಿಗೆ ಹತ್ತಿದ ಬಾಯಮ್ಮ

ನೆರೂಳದ ನಮ್ಮ ಎದುರು ಮನೆಯವರನ್ನು ಇಡೀ ಬಿಲ್ಡಿಂಗೇ ಬಾಯಮ್ಮ ಎನ್ನುತ್ತಿತ್ತು. ಮಂಗಳೂರು ಕಡೆಯ ಕ್ರೈಸ್ತರು. "ಸ್ವಲ್ಪ ಕೇಳು ಮಾರಾಯ್ತಿ" ಎಂದು ತೋಳಿಗೊಂದು ತಟ್ಟಿಯೇ ಅವರ ಮಾತು ಶುರುವಾಗುತ್ತಿತ್ತು. ಬಿದ್ದು ಸೊಂಟ ಮುರಿದ ಮೇಲೆ, ಯಾರನ್ನಾದರೂ ಹಿಡಿಯದೆ ಹೆಜ್ಜೆಯಿಡಲು ಅವರಿಗೆ ಭಯ. ಆದರೂ ಆ ವರ್ಷ ಮಾತೆಯ ಹಬ್ಬಕ್ಕೆ ಬಾಂದ್ರಾದ ಗುಡ್ಡದ ಇಗರ್ಜಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕೆಂದು ಹಟ ಹಿಡಿದು ನನ್ನನ್ನೂ ಹೊರಡಿಸಿದರು.

ನನ್ನ ಭುಜ ಹಿಡಿದು ಹತ್ತಿದರು. ಉಸಿರು ಕಟ್ಟಿದಾಗಲೆಲ್ಲ ನಿಂತು ಚರಿತ್ರೆ ಹೇಳುತ್ತಿದ್ದರು.

"ಸ್ವಲ್ಪ ಕೇಳು ಮಾರಾಯ್ತಿ, ಸಮುದ್ರಕ್ಕೆ ಬಿದ್ದ ಮಾತೆಯ ಮೂರ್ತಿ ಮೀನುಗಾರರ ಬಲೆಗೆ ಸಿಕ್ಕಿದ್ದಂತೆ!"

ಇನ್ನಷ್ಟು ಹತ್ತಿ, "ಮೊದಲು ಇಲ್ಲಿ ಸಣ್ಣ ಇಗರ್ಜಿ ಇದ್ದದ್ದು. ಈ ದೊಡ್ಡದು ಆಮೇಲಿನದ್ದು."

ಮೇಲೆ ತಲುಪಿದಾಗ ಕಲ್ಲಿನ ಜೋಡಿ ಗೋಪುರಗಳು ಕಂಡವು. "ಆ ಚೂಪು ಕಮಾನು ನೋಡು, ಹೀಗೆ!" ಎಂದು ಬಾಯಮ್ಮ ಎರಡೂ ಕೈಗಳನ್ನು ತಲೆಯ ಮೇಲೆ ಜೋಡಿಸಿ ತೋರಿಸಿದರು.

"ಬಾಯಮ್ಮ, ನೀವು ನನ್ನನ್ನು ಹಿಡ್ಕೊಂಡೇ ಇಲ್ಲ!" ಎಂದೆ.

ಅವರು ತಮ್ಮ ಕಾಲುಗಳನ್ನು ನೋಡಿಕೊಂಡು ಕಿರುಚಿದರು, ಆಮೇಲೆ ನಗತೊಡಗಿದರು. ನಾನು ಕೈ ಚಾಚಿದರೆ "ಮುಟ್ಟಬೇಡ!" ಎಂದು ಗದರಿಸಿ, ತಾವೇ ನಡೆದು ಬಾಗಿಲು ದಾಟಿದರು. ಒಳಗೆ ಎಲ್ಲರೂ ಮೌನವಾಗಿ ಪ್ರಾರ್ಥಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಾವಿಬ್ಬರು ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.