ಗಾಳಿ ಹೋಗಿದೆ ಎಂದ ಮಾತು

ಆ ದಿನ ನಾನು ಮನೆಯಲ್ಲಿದ್ದೆನೋ ಇಲ್ಲವೋ ಎಂಬುದೇ ನನಗೆ ಖಚಿತವಿಲ್ಲ. ಗಾಡಿಯಿಂದ ಎತ್ತುಗಳನ್ನು ಬಿಚ್ಚಿದ್ದು, ಅವ್ವ ಕಂಬಕ್ಕೆ ಒರಗಿ ಕುಳಿತು ಕೈ ಮುಗಿದದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಆಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ, ರಜೆ ಶುರುವಾಗಿತ್ತೇ ಎಂದರೆ ಹೇಳಲಾರೆ. ಊರಿನವರು ಹೇಳಿದ್ದನ್ನು ಕೇಳಿ ಕೇಳಿ, ನಾನೇ ನೋಡಿದ್ದೆಂದು ನಂಬಿಕೊಂಡಿರಬಹುದು. ಬೇರೆ ಯಾರಾದರೂ ಇಂಥ ಸಾಕ್ಷಿ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಅಣ್ಣ ಚನ್ನಪಟ್ಟಣದ ಒಬ್ಬ ರೇಷ್ಮೆ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದ. ಅತ್ತಿಗೆ, ಅವರ ಹಸುಗೂಸು ಮತ್ತು ಅವ್ವ ಸಾತನೂರಿನ ಹತ್ತಿರ ನಮ್ಮೂರಿನಲ್ಲಿದ್ದರು. ರೇಷ್ಮೆಗೂಡು ಕೊಳ್ಳಲು ಹಳ್ಳಿ ಹಳ್ಳಿ ಸುತ್ತಬೇಕಾದ್ದರಿಂದ ಅಣ್ಣ ಒಂದು ಹಳೆಯ ಸೈಕಲ್ ಇಟ್ಟುಕೊಂಡಿದ್ದ. ಆಗ ಪಟ್ಟಣದಲ್ಲಿ ಸೈಕಲ್ ಇದ್ದವರೇ ಕೆಲವರು. ಶಾಲೆಯ ಮೇಷ್ಟರು, ಊರೂರಿಗೆ ಹೋಗಿ ಮಕ್ಕಳಿಗೆ ಸಿಡುಬಿನ ದಾಕು ಹಾಕುತ್ತಿದ್ದವರು, ಒಂದಿಬ್ಬರು ರೇಷ್ಮೆಯವರು. ಸಂಜೆ ಎಲ್ಲರೂ ಸೇರುತ್ತಿದ್ದುದು ರಿಪೇರಿ ಸಾಬರ ಅಂಗಡಿಯ ಮುಂದೆ. ಸಾಬರು ಮೊದಲು ಬೊಂಬೆ ಕಡೆಯುತ್ತಿದ್ದವರು. ಯುದ್ಧದ ಕಾಲದಲ್ಲಿ ವಿಲಾಯಿತಿಯಿಂದ ಸಾಮಾನು ಬರುವುದು ನಿಂತಾಗ ಪೆಡಲನ್ನೂ ಮರದಲ್ಲೇ ಕಡೆದು, ಬೊಂಬೆಗೆ ಹಚ್ಚುವ ಅರಗಿನ ಬಣ್ಣ ಹಚ್ಚಿ ಕೊಟ್ಟಿದ್ದರು. ಮೇಷ್ಟರ ಸೈಕಲ್ಲಿನ ಪೆಡಲು ಒಂದು ಕೆಂಪು, ಒಂದು ಹಳದಿ.

"ಏನ್ ಮೇಷ್ಟ್ರೇ, ತೊಟ್ಲಿಗೆ ಕಟ್ಟೋದನ್ನ ಕಾಲಿಗೆ ಕಟ್ಕಂಡಿದೀರಿ?" ಎಂದು ಅಣ್ಣ ಕೆಣಕುತ್ತಿದ್ದ.

"ನಿನ್ ಸೈಕಲ್ ಸದ್ದು ಪಕ್ಕದೂರು ಕ್ಲೋಸ್‌ಪೇಟೆಗೇ ಕೇಳ್ತದಲ್ಲ, ಅದ್ನೇ ಗಿಲಕಿ ಮಾಡ್ಕಬೋದು ಕಣಯ್ಯ. ನಿನ್ ಮಗೀಗೆ ಬೇರೆ ಕೊಳ್ಳಂಗಿಲ್ಲ" ಎನ್ನುತ್ತಿದ್ದರು ಅವರು.

ಅಣ್ಣ ಊರಿಗೆ ಬಂದಿದ್ದಾಗ ಅತ್ತಿಗೆಗೆ ಜ್ವರ ಹಿಡಿಯಿತು. ಜ್ವರದಲ್ಲಿ ಬಡಬಡಿಸತೊಡಗಿದಳು. ಅವ್ವ "ಗಾಳಿ ಮೆಟ್ಕಂಡೈತೆ" ಎಂದಳು. ನಮ್ಮ ಕಡೆ ದೆವ್ವವನ್ನೂ ಗಾಳಿ ಎಂದೇ ಕರೆಯುವುದು. ಬೆಳಿಗ್ಗೆ ಅಣ್ಣ ಸೈಕಲ್ ಹತ್ತಿ ಚನ್ನಪಟ್ಟಣಕ್ಕೆ ಹೊರಟ. ಆಸ್ಪತ್ರೆಯಿಂದ ಔಷಧಿ ತರುವುದು ಅವನ ಯೋಚನೆ. ದರ್ಗಾದಲ್ಲಿ ಹರಕೆ ಹೇಳಿ ದಾರ ತಾ ಎಂಬುದು ಅವ್ವನ ಮಾತು. ಎರಡಕ್ಕೂ ಹೂಂ ಎಂದು ಹೋದ. ಹೊತ್ತು ಇಳಿದರೂ ಅವನು ಬರದಿದ್ದರೆ ಎದುರಿಗೆ ಕಳಿಸಲೆಂದು ಪಕ್ಕದ ಮನೆಯವರು ಗಾಡಿ ಕಟ್ಟಿ ನಿಲ್ಲಿಸಿದ್ದರು.

ಔಷಧಿ ತೆಗೆದುಕೊಂಡು ವಾಪಸು ಬರುವಾಗ ನಡುದಾರಿಯಲ್ಲಿ ಮುಳ್ಳು ಹೊಕ್ಕು ಹಿಂದಿನ ಟ್ಯೂಬು ತೂತಾಯಿತು. ಸೈಕಲ್ ತಳ್ಳಿಕೊಂಡು ನೆರಳಿಗೆ ಹೋಗುತ್ತಿದ್ದಾಗ ನಮ್ಮೂರಿನ ಕುರಿ ಕಾಯುವವನು ಸಿಕ್ಕಿದ. ಅವನು ಕಾಲುದಾರಿಯಲ್ಲಿ ಊರಿಗೆ ಹೊರಟಿದ್ದ. ತೇಪೆ ಹಾಕಿ ಅವನಿಗಿಂತ ಮುಂಚೆ ಮನೆ ಸೇರುತ್ತೇನೆಂಬ ಧೈರ್ಯದಲ್ಲಿ ಅಣ್ಣ ಔಷಧಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡು ಸುದ್ದಿ ಮಾತ್ರ ಹೇಳಿ ಕಳಿಸಿದ. ತೇಪೆ ಹಿಡಿಯಲಿಲ್ಲ.

ಕುರಿಯವನು ಬಾಗಿಲಲ್ಲಿ ನಿಂತು ಕೂಗಿದ. "ದೊಡ್ಡವ್ವೋ, ನಿನ್ ಮಗ ಸಿಕ್ಕಿದ್ದ. ಗಾಳಿ ಹೋಗ್ಬುಟ್ಟೈತಂತೆ. ಒಸಿ ನಿಧಾನಕ್ಕೆ ಬತ್ತೀನಿ, ಗಾಬ್ರಿ ಬ್ಯಾಡ ಅಂದ."

"ಗಾಳಿ ಹೋಯ್ತಾ? ದಿಟ್ವೇನ್ಲಾ?"

"ಪೂರ್ತಿ ಹೋಯ್ತು ಅಂತ ಅವ್ನೇ ಅಂದ ಕಣವ್ವ."

ಒಳಗೆ ಅತ್ತಿಗೆಯ ಬಡಬಡಿಕೆಯೂ ಆಗಲೇ ನಿಂತಿತ್ತು. ದರ್ಗಾದ ಹರಕೆ ಫಲಿಸಿತು ಎಂದುಕೊಂಡಳು ಅವ್ವ. "ಗಾಡಿ ಬಿಚ್ರಪ್ಪ, ಎತ್ಗೊಳು ಯಾಕೆ ದಣೀಬೇಕು" ಎಂದಳು.

ಅಣ್ಣ ಬಂದಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ಅತ್ತಿಗೆಗೆ ಔಷಧಿ ನುಂಗುವ ಶಕ್ತಿ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ತೀರಿಕೊಂಡಳು. ಗಾಡಿ ಹೋಗಿದ್ದರೆ ಉಳಿಯುತ್ತಿದ್ದಳೇ? ಈ ಪ್ರಶ್ನೆಯನ್ನು ಮುಂದೆ ಒಬ್ಬ ಡಾಕ್ಟರ ಮುಂದಿಟ್ಟೆ. ಹೇಳಲಾಗದು ಎಂದರು. ಅದಕ್ಕಿಂತ ಹೆಚ್ಚಿನದು ನನಗೂ ಗೊತ್ತಿಲ್ಲ.

ತಿಥಿಯ ದಿನ ಅತ್ತಿಗೆಯ ತಂದೆ ಎಲ್ಲರೆದುರು ಕೇಳಿದರು. "ನಿಧಾನಕ್ಕೆ ಬತ್ತೀನಿ ಅಂತ ಹೇಳಿ ಕಳ್ಸಿದ್ಯಂತಲ್ಲಪ್ಪ. ಟೈರು ಹಾಳಾಯ್ತದೆ ಅಂತ ತಳ್ಕಂಡು ಬಂದ್ಯಾ? ನನ್ ಮಗ್ಳಿಗಿಂತ ಅದು ಹೆಚ್ಚಾಗೋಯ್ತಾ?"

ಆ ಮಾತು ಹುಟ್ಟಲು ಕಾರಣವಿತ್ತು. ಗಾಳಿ ಹೋದ ಸೈಕಲ್ಲನ್ನು ಯಾರೂ ತುಳಿಯುವುದಿಲ್ಲ, ಇಳಿದು ತಳ್ಳುತ್ತಾರೆ. ಅಣ್ಣ ತಳ್ಳುತ್ತಿದ್ದುದನ್ನು ಕುರಿಯವನೂ ನೋಡಿದ್ದ. ಅಣ್ಣ ತುಟಿ ಬಿಚ್ಚಲಿಲ್ಲ. ಉತ್ತರ ಹೇಳಹೊರಟರೆ ಗಾಡಿ ಬಿಚ್ಚಿಸಿದ್ದು ಯಾರೆಂಬ ಮಾತು ಬರುತ್ತಿತ್ತು. ಅವ್ವ ಅಲ್ಲೇ ಎಲೆ ಹಾಕುತ್ತಿದ್ದಳು. ಇದು ನನ್ನ ಊಹೆ ಮಾತ್ರ. ಅವನು ಸಾಯುವವರೆಗೂ ಈ ವಿಷಯ ಎತ್ತಲಿಲ್ಲ.

ಅತ್ತಿಗೆಯ ತಂದೆ ಮಗುವನ್ನು ಅಂದೇ ಕರೆದುಕೊಂಡು ಹೋದರು. ಕಾನಕಾನಹಳ್ಳಿಯ ತಾತನ ಮನೆಯಲ್ಲಿ, ಅಪ್ಪ ಸೈಕಲ್ ಉಳಿಸಿಕೊಂಡು ಅಮ್ಮನನ್ನು ಕಳೆದ ಎಂಬ ಮಾತು ಕೇಳುತ್ತಲೇ ಅವಳು ಬೆಳೆದಳು. ಅಣ್ಣ ನೋಡಲು ಹೋದರೆ ಹೊರಗೆ ಬರುತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ, ತಾನೇ ತಾಯಿಯಾದವಳು, ಒಮ್ಮೆ ನನ್ನನ್ನು ಕೇಳಿದಳು. "ಚಿಕ್ಕಪ್ಪ, ದಿಟ ಹೇಳು. ಅಪ್ಪ ತಳ್ಕಂಡೇ ಬಂದ್ನಾ?"

ನನಗೆ ಗೊತ್ತಿರಲಿಲ್ಲ. ಸಮಾಧಾನಕ್ಕೆ ಇಲ್ಲವೆಂದುಬಿಡಬಹುದಿತ್ತು. ಹಾಗೆ ಮಾಡದೆ ಸಾಬರನ್ನು ಹುಡುಕಿಕೊಂಡು ಹೋದೆ. ಕಣ್ಣು ಮಂಜಾಗಿ ಅಂಗಡಿ ಬಿಟ್ಟಿದ್ದರು.

"ಆ ಚಕ್ರಾನಾ ತಮ್ಮಾ? ಆಮೇಲೆ ನಿಮ್ಮೂರಿಂದ ಗಾಡೀಲಿ ಹಾಕ್ಕಂಡ್ ತಂದಿದ್ರು. ರಿಮ್ಮು ಕಲ್ಲಿಗೆ ಬಡ್ದು ಬಡ್ದು ನುಗ್ಗಾಗಿತ್ತು, ಒಳ್ಗೆ ಟ್ಯೂಬು ಚಿಂದಿ. ತಳ್ಳಿದ್ ಸೈಕಲ್ ಹಂಗಾಯ್ತದಾ? ಮೇಲೆ ಕೂತು ತುಳ್ದವ್ನೆ, ಪಾಪ."

ಸಾಬರಿಗೆ ಅಣ್ಣನ ಮೇಲೆ ಪ್ರೀತಿಯಿತ್ತು. ಆ ಕಾರಣಕ್ಕೇ ಅನುಮಾನಪಟ್ಟು, ಮಾಗಡಿಯಲ್ಲಿ ನೆಲೆಸಿದ್ದ ಮೇಷ್ಟರ ಹತ್ತಿರವೂ ಹೋದೆ. ಸಾಬರು ಹೇಳಿದ್ದನ್ನು ತಿಳಿಸದೆ, ಆ ಸೈಕಲ್ ಹೇಗಿತ್ತೆಂದಷ್ಟೇ ಕೇಳಿದೆ. ಸಾಬರು ರಿಮ್ಮು ಬಡಿದು ಸರಿಮಾಡಲು ನೋಡುವಾಗ ಚಕ್ರವನ್ನು ಹಿಡಿದುಕೊಂಡಿದ್ದವರು ತಾವೇ, ಅದು ಸುತ್ತಲೂ ಜಜ್ಜಿಹೋಗಿತ್ತು, ಕೊನೆಗೆ ಎಸೆಯಬೇಕಾಯಿತು ಎಂದರು. ಅಣ್ಣ ತಳ್ಳಿಕೊಂಡು ಬರಲಿಲ್ಲ. ಗಾಳಿಯಿಲ್ಲದ ಚಕ್ರದ ಮೇಲೆ ತುಳಿದುಕೊಂಡೇ ಬಂದ.